ಎಲ್ಲರೂ ಎಲೆಕ್ಟ್ರಿಕ್ ಕಾರು ತಗೊಂಡರೆ ಬೆಂಗಳೂರಿನ ಸಾರಿಗೆ ಸರಿಹೋಗುತ್ತದೆಯೇ?

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ದಿನಕ್ಕೆ 30 ಕಿಲೋಮೀಟರ್ ಓಡುವ ಪೆಟ್ರೋಲ್ ಕಾರು ಮಾರಿ ಎಲೆಕ್ಟ್ರಿಕ್ ತಗೊಂಡರೆ ಪರಿಸರಕ್ಕೆ ನಿಜಕ್ಕೂ ಲಾಭವಿದೆಯೇ ಅನ್ನುವುದು ಒಂದು, ಎಲ್ಲರೂ ಹಾಗೆ ಮಾಡಿದರೆ ನಗರ ಸಾರಿಗೆ ಸುಸ್ಥಿರವಾಗುತ್ತದೆಯೇ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಹೌದು, ಆದರೆ ಜಾಹೀರಾತು ಹೇಳುವಷ್ಟಲ್ಲ. ಎರಡನೆಯದಕ್ಕೆ ಇಲ್ಲ.

ಲೆಕ್ಕ ನೋಡಿ. ಸಣ್ಣ ಪೆಟ್ರೋಲ್ ಕಾರು ನಮ್ಮ ಟ್ರಾಫಿಕ್‌ನಲ್ಲಿ ಲೀಟರಿಗೆ 15 ಕಿ.ಮೀ. ಕೊಡುತ್ತದೆ ಅನ್ನೋಣ. ಒಂದು ಲೀಟರ್ ಉರಿದರೆ ಸುಮಾರು 2.3 ಕೆ.ಜಿ. ಇಂಗಾಲದ ಡೈಆಕ್ಸೈಡ್, ಅಂದರೆ ಕಿ.ಮೀ.ಗೆ ಹೆಚ್ಚುಕಡಿಮೆ 155 ಗ್ರಾಂ. ಅಷ್ಟೇ ಗಾತ್ರದ ಎಲೆಕ್ಟ್ರಿಕ್ ಕಾರಿಗೆ 100 ಕಿ.ಮೀ.ಗೆ 13 ಯೂನಿಟ್ ಸಾಕು. ಚಾರ್ಜಿಂಗ್‌ನಲ್ಲಿ ಸೋರುವುದನ್ನೂ ಸೇರಿಸಿದರೆ ಮೀಟರಿನಲ್ಲಿ 15 ಯೂನಿಟ್ ಓಡುತ್ತದೆ. ದೇಶದ ವಿದ್ಯುತ್ ಜಾಲದಲ್ಲಿ, ಅಂದರೆ ಗ್ರಿಡ್‌ನಲ್ಲಿ ಯೂನಿಟ್‌ಗೆ ಸರಾಸರಿ 0.7 ಕೆ.ಜಿ. ಇಂಗಾಲದ ಡೈಆಕ್ಸೈಡ್ ಹೊರಬರುವುದರಿಂದ ಕಿ.ಮೀ.ಗೆ 105 ಗ್ರಾಂ ಆಯಿತು. ಉಳಿದದ್ದು 50 ಗ್ರಾಂ. ಇನ್ನು 30 ಯೂನಿಟ್ ಬ್ಯಾಟರಿ ತಯಾರಿಸುವಾಗಲೇ ಎರಡು ಮೂರು ಟನ್ ಇಂಗಾಲದ ಡೈಆಕ್ಸೈಡ್ ಹೋಗಿರುತ್ತದೆ. ಆ ಸಾಲ ತೀರಲು 40ರಿಂದ 60 ಸಾವಿರ ಕಿ.ಮೀ. ಓಡಬೇಕು, ನಿಮ್ಮ ಓಡಾಟದಲ್ಲಿ ಅದು ಸುಮಾರು ನಾಲ್ಕರಿಂದ ಐದೂವರೆ ವರ್ಷ. ಹಾಗಾಗಿ ಚೆನ್ನಾಗಿರುವ ಕಾರನ್ನು ಅವಸರದಲ್ಲಿ ಮಾರಬೇಡಿ. ಹೇಗೂ ಹೊಸದು ಕೊಳ್ಳಬೇಕಿದ್ದರೆ ಎಲೆಕ್ಟ್ರಿಕ್ ತಗೊಳ್ಳಿ.

ಈಗ ಬಸ್ಸಿನ ಲೆಕ್ಕ. ಬಿಎಂಟಿಸಿಯ ಡೀಸೆಲ್ ಬಸ್ಸು ಲೀಟರಿಗೆ 4 ಕಿ.ಮೀ. ಓಡಿದರೆ ಕಿ.ಮೀ.ಗೆ 670 ಗ್ರಾಂ. ಒಳಗೆ 40 ಜನ ಇದ್ದರೆ ತಲೆಗೆ 17 ಗ್ರಾಂ. ಒಬ್ಬರೇ ಕೂತು ಓಡಿಸುವ ಎಲೆಕ್ಟ್ರಿಕ್ ಕಾರಿನಲ್ಲಿ ತಲೆಗೆ 105 ಗ್ರಾಂ. ಹಳೇ ಡೀಸೆಲ್ ಬಸ್ಸಿಗಿಂತ ಹೊಸ ಎಲೆಕ್ಟ್ರಿಕ್ ಕಾರು ಆರು ಪಟ್ಟು ಹೆಚ್ಚು! ಗಾಡಿ ಯಾವುದರಿಂದ ಓಡುತ್ತದೆ ಅನ್ನುವುದಕ್ಕಿಂತ ಒಳಗೆ ಎಷ್ಟು ಜನ ಇದ್ದಾರೆ ಅನ್ನುವುದನ್ನು ಮೊದಲು ಕೇಳಬೇಕು ಅಂತ ನಾನು ಹೇಳುವುದು ಇದಕ್ಕೇ.

ಹಾಗಂತ ಡೀಸೆಲ್ ಬಸ್ಸೇ ಸಾಕು ಅಂತಲ್ಲ. ಅದರ ಮಸಿ, ನೈಟ್ರೋಜನ್ ಆಕ್ಸೈಡ್ ನೇರವಾಗಿ ಬಸ್ ಸ್ಟಾಪಿನಲ್ಲಿ ನಿಂತವರ ಎದೆಗೆ ಇಳಿಯುತ್ತದೆ. 12 ಮೀಟರಿನ ಎಲೆಕ್ಟ್ರಿಕ್ ಬಸ್ಸು ಕಿ.ಮೀ.ಗೆ ಒಂದು ಯೂನಿಟ್ ಆಸುಪಾಸು ಎಳೆಯುತ್ತದೆ. ಇಂದಿನ ಗ್ರಿಡ್‌ನಲ್ಲಿ ಇಂಗಾಲ ಇಳಿಯುವುದೇ ಇಲ್ಲ ಅನ್ನಬಹುದು, ಆದರೆ ಬಸ್ಸು ಬೀದಿಗೆ ಬಿಡುವ ಹೊಗೆ ಪೂರ್ತಿ ನಿಲ್ಲುತ್ತದೆ. ದಿನಕ್ಕೆ 200 ಕಿ.ಮೀ. ಓಡುವ ಬಸ್ಸು, 100 ಕಿ.ಮೀ. ಓಡುವ ಆಟೋ, ಡೆಲಿವರಿ ಗಾಡಿಗಳು ಮೊದಲು ಬದಲಾಗಬೇಕು. ಸ್ವಂತ ಕಾರಿನ ಸರದಿ ಕೊನೆಗೆ.

ರಸ್ತೆಯ ಜಾಗವನ್ನಂತೂ ಯಾವ ಬ್ಯಾಟರಿಯೂ ಹುಟ್ಟಿಸಲಾರದು. ಔಟರ್ ರಿಂಗ್ ರೋಡಿನಲ್ಲಿ 2019ರಲ್ಲಿ ಬಸ್ಸಿಗೆಂದೇ ಪಥ ಬಿಟ್ಟಿದ್ದರು, ಮೆಟ್ರೋ ಕಾಮಗಾರಿಯಲ್ಲಿ ಅದು ಹೋಯಿತು. ಅದು ಮರಳಿ ಬರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ನೀವು ಕಾರು ತಗೊಂಡೇ ತಗೊಳ್ಳುತ್ತೀರಾದರೆ ಯಾವಾಗ ಚಾರ್ಜ್ ಮಾಡುತ್ತೀರಿ ಅನ್ನುವುದೂ ಮುಖ್ಯ. ಮಧ್ಯಾಹ್ನ ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಉರಿಬಿಸಿಲಲ್ಲಿ ಓಡುತ್ತಿರುತ್ತದೆ. ಸಂಜೆ 6ರಿಂದ 10ರ ಹೊತ್ತಿಗೆ ಸೂರ್ಯನಿಲ್ಲ, ರಾಯಚೂರು, ಬಳ್ಳಾರಿಯ ಕಲ್ಲಿದ್ದಲ ವಿದ್ಯುತ್ ಸ್ಥಾವರಗಳ ಮೇಲೆ ಹೊರೆ ಬೀಳುತ್ತದೆ. ಆಫೀಸಿನಲ್ಲಿ ಚಾರ್ಜಿಂಗ್ ಇದ್ದರೆ ಹಗಲಲ್ಲೇ ಮುಗಿಸಿ. ಮನೆಯಲ್ಲೇ ಆಗಬೇಕಿದ್ದರೆ ಸಂಜೆಯ ಹೊರೆ ಇಳಿದ ಮೇಲೆ ಶುರುವಾಗುವಂತೆ ಕಾರಿನ ಟೈಮರನ್ನು ರಾತ್ರಿ 11ರ ನಂತರಕ್ಕೆ ಇಡಿ.

ಗೋಡೆಯ ಮಾಮೂಲಿ 16 ಆಂಪಿಯರ್ ಪ್ಲಗ್ಗಿಗೆ ಹಾಗೇ ಸಿಕ್ಕಿಸಬೇಡಿ. ಗೀಸರ್ ಅರ್ಧ ಗಂಟೆ ಎಳೆದು ಬಿಡುತ್ತದೆ, 3.3 ಕಿಲೋವ್ಯಾಟ್ ಚಾರ್ಜರ್ 14-15 ಆಂಪಿಯರನ್ನು ಗಂಟೆಗಟ್ಟಲೆ ಎಳೆಯುತ್ತದೆ. ಒಳಗಿನ ಸ್ಕ್ರೂ ಸ್ವಲ್ಪ ಸಡಿಲವಿದ್ದರೂ ಅಲ್ಲೇ ಕಾದು, ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಸುಟ್ಟ ವಾಸನೆ ಬರುತ್ತದೆ. ಮೀಟರಿನಿಂದ ಬೇರೆ ಲೈನ್, 4 ಚದರ ಮಿ.ಮೀ. ತಾಮ್ರದ ವೈರು, ಇಂಡಸ್ಟ್ರಿಯಲ್ ಸಾಕೆಟ್, ಕರೆಂಟ್ ಸೋರಿದರೆ ಲೈನ್ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸಿ. 7.2 ಕಿಲೋವ್ಯಾಟ್ ಆದರೆ ವೈರು ಕನಿಷ್ಠ 6 ಚದರ ಮಿ.ಮೀ., ದೂರ ಹೆಚ್ಚಿದ್ದರೆ 10, ಎಂಸಿಬಿ (ಹೊರೆ ಮೀರಿದರೆ ತಾನೇ ಬೀಳುವ ಸ್ವಿಚ್) 40 ಆಂಪಿಯರ್. ಚಾರ್ಜರ್ ಕೆಂಪು ದೀಪ ತೋರಿಸಿ ನಿಂತರೆ ಕಾರನ್ನು ಬೈಯುವ ಮೊದಲು ಅರ್ಥಿಂಗ್ ಅಳೆಸಿ. ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ವೋಲ್ಟೇಜ್ ಹೆಚ್ಚಿದ್ದರೆ ಹಲವು ಚಾರ್ಜರ್ ಕರೆಂಟ್ ತಗೊಳ್ಳುವುದೇ ಇಲ್ಲ.

ಅಪಾರ್ಟ್‌ಮೆಂಟಿನ ಸಂಘದವರು ಟ್ರಾನ್ಸ್‌ಫಾರ್ಮರ್ ಸಾಲದು ಅಂದರೆ ಅವರಿಗೂ ಒಂದು ಲೆಕ್ಕ ಕೊಡಿ. 40 ಕಾರು ಒಟ್ಟಿಗೆ 7.2 ಕಿಲೋವ್ಯಾಟ್ ಎಳೆದರೆ 288 ಕಿಲೋವ್ಯಾಟ್, ಅವರ ಭಯ ನ್ಯಾಯವೇ. ಆದರೆ 30 ಕಿ.ಮೀ. ಓಡಿದ ಕಾರಿಗೆ ಬೇಕಿರುವುದು ನಾಲ್ಕೂವರೆ ಯೂನಿಟ್. ನಲವತ್ತಕ್ಕೂ ಸೇರಿ 180 ಯೂನಿಟ್, ರಾತ್ರಿ ಆರು ಗಂಟೆಗೆ ಹಂಚಿದರೆ ಬರೀ 30 ಕಿಲೋವ್ಯಾಟ್. ಸರದಿಯಲ್ಲಿ ಹಂಚುವ ಲೋಡ್ ಮ್ಯಾನೇಜ್‌ಮೆಂಟ್ ಇರುವ ಚಾರ್ಜರ್‌ಗಳನ್ನು ಹಾಕಿಸಿದರೆ ಹೊಸ ಟ್ರಾನ್ಸ್‌ಫಾರ್ಮರ್ ಸಾಮಾನ್ಯವಾಗಿ ಬೇಕಾಗುವುದಿಲ್ಲ.

ಕೊಳ್ಳುವ ಮುನ್ನ ನಿಮ್ಮ 30 ಕಿ.ಮೀ. ದಾರಿಯಲ್ಲಿ ಮೆಟ್ರೋ ಎಲ್ಲಿ ಸಿಗುತ್ತದೆ ಅಂತಲೂ ಒಮ್ಮೆ ನೋಡಿ. ಎಲೆಕ್ಟ್ರಿಕ್ ಸ್ಕೂಟರಿಗೆ 100 ಕಿ.ಮೀ.ಗೆ ಮೂರು ಯೂನಿಟ್ ಸಾಕು, ಮೂರು ಕಿ.ಮೀ. ದೂರದ ನಿಲ್ದಾಣಕ್ಕೆ ಹೋಗಿಬರಲು ಒಂದು ಯೂನಿಟಿನ ಐದನೇ ಒಂದು ಪಾಲೂ ಬೇಡ.