ಗಿಂಕ್ಗೋ ಬೀಜ ಕೊಡುವ ಮುಂಚೆ

ನಿಮ್ಮ ಅಪ್ಪ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಾರೆ, ಚೀನಾದವರ ಹಾಗೆ ಗಿಂಕ್ಗೋ ಅನ್ನುವ ಮರದ ಬೀಜ ಹುರಿದು ಕೊಡಬಹುದಾ ಅಂತ ಕೇಳಿದ್ದೀರಿ. ನಾನು ಚೀನಾದ ಗುವಾಂಗ್‌ಝೌನಲ್ಲಿ ಕೆಲಸಕ್ಕಿದ್ದಾಗ ಪಕ್ಕದ ಮನೆ ಅಜ್ಜಿ ಇದನ್ನೇ ಮಾಡುತ್ತಿದ್ದರು. ಬಾಣಲೆಯಲ್ಲಿ ಹುರಿದರೆ ಚಿಪ್ಪು ಪಟ್ ಅಂತ ಬಿರಿಯುತ್ತದೆ. ಒಳಗೆ ಹಸಿರು ಮಿಶ್ರಿತ ತಿರುಳು, ಅಂಟಂಟು, ಕೊನೆಗೆ ಸ್ವಲ್ಪ ಕಹಿ. ಅಜ್ಜಿ ಎಣಿಸಿಯೇ ಕೊಡುತ್ತಿದ್ದರು. ಮೊಮ್ಮಗನಿಗಂತೂ ಮುಟ್ಟಲೂ ಬಿಡುತ್ತಿರಲಿಲ್ಲ. ಅದು ಸರಿಯೇ ಅನ್ನಿ. ಬೀಜದಲ್ಲಿ ಬಿ6 ಜೀವಸತ್ವದ ಕೆಲಸ ಕೆಡಿಸುವ ವಿಷ ಇದೆ, ಜಾಸ್ತಿ ತಿಂದರೆ ಫಿಟ್ಸ್ ಬರಬಹುದು. ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ನಾನಾದರೆ ಕೊಡುವುದಿಲ್ಲ.

ಏನಾದರೂ ಮನೆಮದ್ದು ಮಾಡಲೇಬೇಕು ಅನ್ನಿಸಿದರೆ ಮಲಗುವ ಮುಂಚೆ ಎರಡು ಅಕ್ರೋಟು ಕೊಡಿ, ಅಲ್ಲಿ ಅದೂ ಇದಕ್ಕೇ ಮದ್ದು. ನನಗೇನೂ ವ್ಯತ್ಯಾಸ ಕಾಣಲಿಲ್ಲ, ತಿನ್ನಲು ಚೆನ್ನಾಗಿತ್ತು ಅಷ್ಟೇ.

ಮೊದಲು ಶುಗರ್, ಪ್ರಾಸ್ಟೇಟ್ ನೋಡಿಸಿ. ಸಂಜೆ ಕಾಲು ಊದುತ್ತದಾ? ಕಾಲಲ್ಲಿ ತುಂಬಿದ ನೀರು ಮಲಗಿದ ಮೇಲೆ ಮೂತ್ರವಾಗಿ ಹೊರಡುತ್ತದೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ, ಯಾವ ಹೊತ್ತಿಗೆ ನುಂಗಬೇಕು ಅಂತ ಡಾಕ್ಟರನ್ನು ಕೇಳಿ. ಹಾಂ, ಊಟ ಆದಮೇಲೆ ಕಾಫಿ ಕುಡಿಯುತ್ತಾರಾ?