ಪ್ರವಾಸದಲ್ಲಿ ಕೊಂಡ ಕಲ್ಲು, ಮನೆಯಲ್ಲಿ ಶುರುವಾದ ವ್ಯಾಪಾರ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಊರು ಸುತ್ತುವುದು ನನ್ನ ಹವ್ಯಾಸ. ಜೈಪುರ, ಗುಜರಾತಿನ ಖಂಭಾತ್, ಶ್ರೀಲಂಕಾ ಎಲ್ಲ ಕಡೆಯಿಂದ ಕಲ್ಲು ತಂದಿದ್ದೇನೆ. ಬೆಳ್ಳಿಯಲ್ಲಿ ಕಟ್ಟಿಸಿ ಹಾಕಿಕೊಂಡರೆ ಆಫೀಸಿನಲ್ಲಿ ‘ನಮಗೂ ಮಾಡಿಸಿಕೊಡಿ’ ಅನ್ನುತ್ತಾರೆ. 50,000 ರೂ. ಹಾಕಿ ಮಾರಾಟ ಶುರು ಮಾಡಬಹುದೇ?
– ಓದುಗಿ, ಬೆಂಗಳೂರು

ಉತ್ತರ: ಧಾರಾಳವಾಗಿ. ಆದರೆ ಈಗ ನಿಮ್ಮ ಡಬ್ಬಿಯಲ್ಲಿರುವ ಕಲ್ಲುಗಳನ್ನು ಬಂಡವಾಳದ ಲೆಕ್ಕಕ್ಕೆ ಸೇರಿಸಬೇಡಿ. ಪ್ರವಾಸಕ್ಕೆ ಹೋದವರು ಕಣ್ಣಿಗೆ ಚೆನ್ನಾಗಿ ಕಂಡ ಒಂಟಿ ಕಲ್ಲು ಕೊಳ್ಳುತ್ತಾರೆ. ವ್ಯಾಪಾರ ನಡೆಯಬೇಕಾದರೆ ಅದೇ ಕಲ್ಲು, ಅದೇ ಅಳತೆ, ಅದೇ ಬಣ್ಣ ಮೂರು ತಿಂಗಳು ಬಿಟ್ಟು ಫೋನಿನಲ್ಲಿ ಕೇಳಿದರೂ ಸಿಗಬೇಕು. ಹೀಗಾಗಿ ಮುಂದಿನ ಸಲ ಜೈಪುರಕ್ಕೆ ಹೋಗುವುದು ಕಲ್ಲು ಹುಡುಕಲು ಅಲ್ಲ, ಕಲ್ಲು ಕೊಡುವವರನ್ನು ಹುಡುಕಲು.

ಜೋಹರಿ ಬಜಾರ್‌ನ ಮುಖ್ಯರಸ್ತೆಯ ಅಂಗಡಿಗಳು ಪ್ರವಾಸಿಗರಿಗಾಗಿ ಇರುವಂಥವು. ಅಲ್ಲಿಂದ ಒಳಹೋಗುವ ಗೋಪಾಲ್‌ಜಿ ಕಾ ರಾಸ್ತಾ, ಹಲ್ದಿಯೋಂ ಕಾ ರಾಸ್ತಾಗಳ ಮಹಡಿ ಮೇಲಿನ ಗದ್ದಿಗಳಲ್ಲಿ (ವ್ಯಾಪಾರಿಗಳು ಕೂರುವ ಕೋಣೆಗಳಲ್ಲಿ) ಸಗಟು ವ್ಯಾಪಾರ. ಭಾನುವಾರ ಬಹುತೇಕ ಬಾಗಿಲು ಹಾಕಿರುತ್ತದೆ, ಶನಿವಾರ ಇಳಿದು ಭಾನುವಾರ ಹೊರಡುವ ಟಿಕೆಟ್ ಮಾಡಿಸಬೇಡಿ. ಮುಖಗಳನ್ನು ಕತ್ತರಿಸಿ ಹೊಳಪು ಕೊಟ್ಟ ಕಲ್ಲು ಕ್ಯಾರೆಟ್ ಲೆಕ್ಕದಲ್ಲಿ, ಮಣಿಗಳು ಎಳೆ ಅಥವಾ ಗ್ರಾಂ ಲೆಕ್ಕದಲ್ಲಿ ಮಾರಾಟವಾಗುತ್ತವೆ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ. ಯಾರಾದರೂ ರತ್ತಿ ಎಂಬ ಹಳೆಯ ತೂಕದ ಲೆಕ್ಕ ಹೇಳಿದರೆ ಅದನ್ನು ಕ್ಯಾರೆಟ್‌ಗೆ ತಿರುಗಿಸಿ ಹೇಳಲು ಕೇಳಿ. ರತ್ತಿಯ ತೂಕ ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ.

50,000ವನ್ನು ಹೀಗೆ ಹಂಚಿ: ಕಲ್ಲಿಗೆ 18,000, ಬೆಳ್ಳಿ ಮತ್ತು ಮಜೂರಿಗೆ 15,000, ಉಪಕರಣಕ್ಕೆ 5,000, ಡಬ್ಬಿ ಮತ್ತು ಫೋಟೊ ಖರ್ಚಿಗೆ 4,000. ಉಳಿದ 8,000 ಮುಟ್ಟಬೇಡಿ. ಮೊದಲ ಕಂತಿನಲ್ಲಿ ಯಾವುದು ಓಡುತ್ತದೋ ಅದನ್ನು ತಕ್ಷಣ ಮತ್ತೆ ತರಿಸಲು ಆ ಹಣ ಬೇಕು. ಬೆಳ್ಳಿಯ ಈಗಿನ ದರದಲ್ಲಿ 15,000ಕ್ಕೆ ಹೆಚ್ಚು ಪದಕ ಆಗುವುದಿಲ್ಲ, ಆದ್ದರಿಂದ ಹತ್ತು ಪದಕ, ಉಳಿದಿದ್ದು ಮಣಿಸರ ಅಂತ ಇಟ್ಟುಕೊಳ್ಳಿ. ಮೂರೇ ಬಗೆಯ ಕಲ್ಲು ಆರಿಸಿ. ಅಮೆಥಿಸ್ಟ್, ಗಾರ್ನೆಟ್, ಮೂನ್‌ಸ್ಟೋನ್ ಒಳ್ಳೆಯ ಆರಂಭ: ಬೆಲೆ ಕೈಗೆಟಕುತ್ತದೆ, ಮತ್ತೆ ಮತ್ತೆ ಸಿಗುತ್ತವೆ. ಹದಿನೈದು ಬಗೆ ತಂದವರ ಹತ್ತಿರ ಕೊನೆಗೆ ಯಾವುದೂ ಜೋಡಿ ಇರುವುದಿಲ್ಲ, ಓಲೆಗೆ ಎರಡು ಬೇಕಲ್ಲ!

ಪ್ರಶ್ನೆ: ನಾನು ತಂದ ಲ್ಯಾಬ್ರಡೊರೈಟ್ ಕಲ್ಲುಗಳಿಗೆ ಬೆಂಗಳೂರಿನ ನಗರ್ತಪೇಟೆಯ ಕೆಲಸಗಾರರು ಹೇಳಿದ ಮಜೂರಿ ಕಲ್ಲಿನ ಬೆಲೆಯ ಮೂರರಷ್ಟಿದೆ. ಮೋಸ ಮಾಡುತ್ತಿದ್ದಾರೆಯೇ?
– ಓದುಗಿ, ತುಮಕೂರು

ಉತ್ತರ: ಇಲ್ಲ. ನಿಮ್ಮ ಕಲ್ಲುಗಳು ಒಂದೊಂದು ಒಂದೊಂದು ಆಕಾರ ಅಂತ ಕಾಣುತ್ತದೆ. ಪ್ರತಿಯೊಂದಕ್ಕೂ ಬೆಳ್ಳಿ ಪಟ್ಟಿ ಬಗ್ಗಿಸಿ, ಬೆಸೆದು, ಉಜ್ಜಿ ಕಲ್ಲು ಕೂರಲು ಹೊಸ ಮನೆ (ಚೌಕಟ್ಟು) ಮಾಡಬೇಕು. ಅದು ಕೈಕೆಲಸ, ಗಂಟೆಗಟ್ಟಲೆ ಹಿಡಿಯುತ್ತದೆ. ನಿಗದಿತ ಅಳತೆಯ ಕಲ್ಲು ಕೊಂಡರೆ, ಅಂದರೆ ಅಂಡಾಕಾರದಲ್ಲಿ 6×8, 7×9, 8×10, 10×14 ಮಿ.ಮೀ., ಎರಕದ ಸಿದ್ಧ ಮನೆಗಳಲ್ಲಿ ಕೂರಿಸಬಹುದು. ಮಜೂರಿ ಅರ್ಧಕ್ಕೂ ಕಡಿಮೆಯಾಗುತ್ತದೆ.

ಕೊಳ್ಳುವಾಗ ಅಳತೆ ತೋರಿಸುವ ಡಿಜಿಟಲ್ ವರ್ನಿಯರ್ ಕೈಯಲ್ಲಿರಲಿ. ಪೊಟ್ಟಣದ ಮೇಲೆ 8×10 ಅಂತ ಬರೆದಿದ್ದರೂ ಒಳಗೆ 7.6 ಇರುವ ಕಲ್ಲು ಸೇರಿರುತ್ತದೆ. ವ್ಯತ್ಯಾಸ 0.2 ಮಿ.ಮೀ. ಒಳಗಿದ್ದರೆ ಪರವಾಗಿಲ್ಲ. ಅದಕ್ಕಿಂತ ಚಿಕ್ಕದಾದರೆ ಕಲ್ಲು ಮನೆಯೊಳಗೆ ಅಲುಗಾಡುತ್ತದೆ, ದೊಡ್ಡದಾದರೆ ಅಂಚು ಒತ್ತುವಾಗ ಚಕ್ಕೆ ಏಳುತ್ತದೆ. ದಪ್ಪವನ್ನೂ ಅಳೆಯಿರಿ. ಒಂದು ಓಲೆಯ ಕಲ್ಲು 4 ಮಿ.ಮೀ., ಇನ್ನೊಂದರದ್ದು 6 ಮಿ.ಮೀ. ಇದ್ದರೆ ಮುಂದಿನಿಂದ ಜೋಡಿಯಂತೆ ಕಂಡರೂ ಕಿವಿಯಲ್ಲಿ ಒಂದು ವಾಲುತ್ತದೆ.

ಲ್ಯಾಬ್ರಡೊರೈಟ್ ಬಗ್ಗೆ ಇನ್ನೊಂದು ಮಾತು. ಖನಿಜಗಳ ಗಡಸುತನವನ್ನು 1ರಿಂದ 10ರವರೆಗೆ ಹೇಳುವ ಮೋಸ್ (Mohs) ಅಳತೆಯಲ್ಲಿ ಅದರದ್ದು 6ರಿಂದ 6.5. ಮನೆಯ ಧೂಳಿನಲ್ಲಿ ಇರುವ ಕ್ವಾರ್ಟ್ಸ್ ಕಣಗಳ ಗಡಸುತನ 7. ದಿನವೂ ಹಾಕುವ ಉಂಗುರದಲ್ಲಿ ಕೂರಿಸಿದರೆ ಒಂದೆರಡು ವರ್ಷದಲ್ಲಿ ಮಂಕಾಗುತ್ತದೆ. ಮೂನ್‌ಸ್ಟೋನ್, ಟರ್ಕ್ವಾಯ್ಸ್, ಓಪಲ್, ಲಾಪಿಸ್, ಎಲ್ಲಕ್ಕಿಂತ ಮೆದುವಾದ ಮ್ಯಾಲಕೈಟ್‌ಗಳ ಕಥೆಯೂ ಅದೇ. ಇವು ಪದಕ, ಓಲೆಗೆ ಇರಲಿ. ಉಂಗುರಕ್ಕೆ ಅಮೆಥಿಸ್ಟ್, ಟೋಪಾಜ್, ನೀಲ, ಮಾಣಿಕ್ಯ. ಜೊತೆಗೆ, ಬೆಸುಗೆಯ ನಂತರ ಒಡವೆ ಅದ್ದುವ ಆಮ್ಲ ಮ್ಯಾಲಕೈಟ್, ಲಾಪಿಸ್, ಟರ್ಕ್ವಾಯ್ಸ್‌ಗಳನ್ನು ತಿಂದುಹಾಕುತ್ತದೆ. ಎಲ್ಲ ಬೆಸುಗೆ ಮುಗಿದ ಮೇಲೆಯೇ ಕಲ್ಲು ಕಟ್ಟಲು ಹೇಳಿ.

ಪ್ರಶ್ನೆ: ಅಸಲಿಯೋ ನಕಲಿಯೋ ಅಂತ ಅಂಗಡಿಯಲ್ಲೇ ನಿಂತು ತಿಳಿಯುವುದು ಹೇಗೆ? ಪ್ರತಿ ಕಲ್ಲನ್ನೂ ಪ್ರಯೋಗಾಲಯಕ್ಕೆ ಕೊಡಲು ಆಗುವುದಿಲ್ಲ.
– ಓದುಗ, ಹುಬ್ಬಳ್ಳಿ

ಉತ್ತರ: 10 ಪಟ್ಟು ದೊಡ್ಡದಾಗಿ ತೋರಿಸುವ ಲೂಪ್, 0.01 ಗ್ರಾಂ ತೋರಿಸುವ ಪುಟ್ಟ ತಕ್ಕಡಿ, ಟಾರ್ಚು, ಬಣ್ಣ ಕರಗಿಸುವ ಸ್ವಲ್ಪ ಅಸಿಟೋನ್ ದ್ರಾವಣ. ಇಷ್ಟರಲ್ಲಿ ಸಾಮಾನ್ಯ ಮೋಸಗಳು ಬಹಳಷ್ಟು ಸಿಕ್ಕಿಬೀಳುತ್ತವೆ.

ಮಣಿ ಕೊಳ್ಳುವಾಗ ಮಣಿ ನೋಡುವ ಮೊದಲು ಪೋಣಿಸಿದ ಬಿಳಿ ದಾರ ನೋಡಿ. ಬಣ್ಣ ಹತ್ತಿದ್ದರೆ ಕಲ್ಲಿಗೆ ಬಣ್ಣ ಹಾಕಿದ್ದಾರೆ. ಲೂಪ್‌ನಲ್ಲಿ ತೂತಿನ ಸುತ್ತ, ಬಿರುಕುಗಳೊಳಗೆ ಬಣ್ಣ ಕಡುವಾಗಿ ನಿಂತಿರುವುದೂ ಕಾಣುತ್ತದೆ. ಬಣ್ಣ ಹಾಕಿ ಟರ್ಕ್ವಾಯ್ಸ್ ಹೆಸರಿನಲ್ಲಿ ಮಾರುವ ಹೌಲೈಟ್ ಎಂಬ ಬಿಳಿ ಕಲ್ಲಿಗೆ ಹತ್ತಿಯಲ್ಲಿ ಅಸಿಟೋನ್ ಅದ್ದಿ ತೂತಿನ ಬಳಿ ಒರೆಸಿದರೆ ಹತ್ತಿ ನೀಲಿಯಾಗಬಹುದು. ಆಗದಿದ್ದ ಮಾತ್ರಕ್ಕೆ ಅಸಲಿ ಎನ್ನಲಾಗದು, ಕೆಲವು ಬಣ್ಣಗಳ ಮೇಲೆ ಅಂಟಿನ ಲೇಪ ಇರುತ್ತದೆ. ಅಂಬರ್ ಮೇಲೆ, ಎಣ್ಣೆ ಕುಡಿಸಿದ ಪಚ್ಚೆಯ ಮೇಲೆ ಈ ಪರೀಕ್ಷೆ ಬೇಡ, ಕಲ್ಲೇ ಹಾಳಾಗುತ್ತದೆ.

ಅಗ್ಗದ ಮಾಣಿಕ್ಯದಲ್ಲಿ ಹೆಚ್ಚಿನವು ಬಿರುಕಿಗೆ ಸೀಸದ ಗಾಜು ತುಂಬಿದವು. ಲೂಪ್ ಹಿಡಿದು ಕಲ್ಲನ್ನು ಮೆಲ್ಲಗೆ ತಿರುಗಿಸಿ: ಬಿರುಕಿನೊಳಗೆ ನೀಲಿ ಮಿಂಚು, ಚಪ್ಪಟೆಯಾದ ಗಾಳಿಗುಳ್ಳೆ ಕಂಡರೆ ಅದೇ. ಇವುಗಳಿಗೆ ಬೆಂಕಿ ತಾಗುವಂತಿಲ್ಲ, ಆಮ್ಲ ತಾಗುವಂತಿಲ್ಲ. ನಿಂಬೆರಸವೂ ಗಾಜನ್ನು ಕೆಡಿಸುತ್ತದೆ. ಲಿಂಬೆಹಣ್ಣು ಹಿಂಡಿದ ಕೈಯ ಉಂಗುರ ಆರು ತಿಂಗಳಿಗೆ ಬಿಳಿಗೆರೆ ಬಿಟ್ಟುಕೊಂಡು ವಾಪಸ್ ಬಂದರೆ ಗಿರಾಕಿಯನ್ನು ಬೈಯುವ ಹಾಗಿಲ್ಲ.

ಅಕ್ವಾಮರೀನ್ ಎಂದು ನೀಲಿ ಟೋಪಾಜ್ ಕೊಡುವುದು ಇನ್ನೊಂದು ರೂಢಿ. ಇಲ್ಲಿ ತಕ್ಕಡಿ ಸಾಕು. ಮೊದಲು ಕಲ್ಲು ತೂಗಿ. ನಂತರ ನೀರಿನ ಲೋಟವನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಕಲ್ಲನ್ನು ತೆಳು ದಾರದಲ್ಲಿ ಕಟ್ಟಿ ನೀರಲ್ಲಿ ಮುಳುಗಿಸಿ. ತಳಕ್ಕೂ ಗೋಡೆಗೂ ತಾಗಬಾರದು, ಗುಳ್ಳೆ ಅಂಟಿರಬಾರದು. ಈಗ ಬಂದ ಸಂಖ್ಯೆಯಿಂದ ಮೊದಲಿನ ತೂಕವನ್ನು ಭಾಗಿಸಿ. 2.00 ಗ್ರಾಂ ಕಲ್ಲು ನೀರಿನಲ್ಲಿ 0.74 ತೋರಿಸಿದರೆ ಉತ್ತರ 2.7, ಅಕ್ವಾಮರೀನ್ ಇರಬಹುದು. 0.57 ತೋರಿಸಿದರೆ 3.5, ಟೋಪಾಜ್. ಒಂದು ಗ್ರಾಂಗಿಂತ ಚಿಕ್ಕ ಕಲ್ಲಿಗೆ ಈ ತಕ್ಕಡಿಯ ಲೆಕ್ಕ ನಂಬುವಂತಿಲ್ಲ.

ಸಂಸ್ಕರಣೆ ಎಂದಾಕ್ಷಣ ಹೆದರಬೇಡಿ. ಮಾರುಕಟ್ಟೆಯ ಸಿಟ್ರಿನ್ ಹೆಚ್ಚಾಗಿ ಕಾಯಿಸಿದ ಅಮೆಥಿಸ್ಟ್. ನೀಲಿ ಟೋಪಾಜ್ ವಿಕಿರಣಕ್ಕೆ ಒಡ್ಡಿ ಕಾಯಿಸಿದ್ದು. ಗ್ರೀನ್ ಓನಿಕ್ಸ್ ಬಣ್ಣ ಹಾಕಿದ ಕ್ಯಾಲ್ಸೆಡನಿ ಎಂಬ ಕ್ವಾರ್ಟ್ಸ್ ಜಾತಿಯ ಕಲ್ಲು. ಖಂಭಾತ್‌ನ ಕೆಂಪು ಅಕೀಕ್ (ಅಗೇಟ್) ಕೂಡ ಬೆಂಕಿಯಲ್ಲಿ ಬೆಂದೇ ಆ ಬಣ್ಣಕ್ಕೆ ಬರುವುದು. ಅಂಗಡಿಯವರಿಂದ ಪಕ್ಕಾ ಬಿಲ್ ತೆಗೆದುಕೊಳ್ಳಿ, ಅದರಲ್ಲಿ ಬರೀ ‘ಸ್ಟೋನ್ಸ್’ ಎಂದಿರದೆ ಕಲ್ಲಿನ ಹೆಸರು, ತೂಕ, ಸಂಸ್ಕರಣೆ ಇರಲಿ. ನಿಮ್ಮ ಗಿರಾಕಿಗೂ ಅದನ್ನೇ ಬರೆದುಕೊಡಿ. ಒಂದು ಕಲ್ಲಿಗೆ ಐದು ಸಾವಿರಕ್ಕಿಂತ ಹೆಚ್ಚು ಕೊಡುವುದಾದರೆ ಮಾತ್ರ ಜೈಪುರದಲ್ಲೇ ಇರುವ ರತ್ನ ಪರೀಕ್ಷಾ ಪ್ರಯೋಗಾಲಯದ ವರದಿ ಆದ ಮೇಲೆ ಹಣ ಕೊಡುವ ಮಾತಾಡಿ. ವರದಿಗೆ ಒಪ್ಪದ ಅಂಗಡಿಯಿಂದ ಎದ್ದು ಬನ್ನಿ.

ಪ್ರಶ್ನೆ: ಶ್ರೀಲಂಕಾದಿಂದ, ಬ್ಯಾಂಕಾಕ್‌ನಿಂದ ಕಲ್ಲು ತಂದು ಮಾರಿದರೆ ಲಾಭ ಹೆಚ್ಚಲ್ಲವೇ? ಕೈಚೀಲದಲ್ಲಿ ಬರುವಷ್ಟು ಚಿಕ್ಕ ಸಾಮಾನು.
– ಓದುಗ, ಮಂಗಳೂರು

ಉತ್ತರ: ಚೀಲದಲ್ಲಿ ಹಿಡಿಸುತ್ತದೆ, ಕಾನೂನಿನಲ್ಲಿ ಹಿಡಿಸುವುದಿಲ್ಲ. ಪ್ರಯಾಣಿಕರ ಲಗೇಜಿಗೆ ಇರುವ ಸುಂಕ ವಿನಾಯಿತಿ ಸ್ವಂತ ಬಳಕೆಯ ವಸ್ತುಗಳಿಗೆ. ಮಾರಲು ತರುವುದು ಆಮದು. ಅದಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ ಐಇಸಿ, ಅಂದರೆ ಆಮದು-ರಫ್ತುದಾರರ ಸಂಖ್ಯೆ ಪಡೆಯಬೇಕು. ಪ್ಯಾನ್, ಬ್ಯಾಂಕ್ ಖಾತೆ ಮತ್ತು 500 ರೂ. ಶುಲ್ಕ ಸಾಕು, ಆದರೆ ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ವಿವರ ದೃಢಪಡಿಸುವುದನ್ನು ಮರೆತರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ. ನಂತರ ಮಾರಾಟಗಾರರ ಇನ್‌ವಾಯ್ಸ್ ಸಮೇತ ಕೊರಿಯರ್ ಅಥವಾ ಏರ್ ಕಾರ್ಗೊದಲ್ಲಿ ತರಿಸಿ, ಸುಂಕ ಕಟ್ಟಿ ಬಿಡಿಸಿಕೊಳ್ಳುವುದು.

ಶ್ರೀಲಂಕಾದಲ್ಲಿ ರತ್ನದ ರಫ್ತನ್ನು ನೋಡಿಕೊಳ್ಳುವುದು ಅಲ್ಲಿನ ರಾಷ್ಟ್ರೀಯ ರತ್ನ ಮತ್ತು ಆಭರಣ ಪ್ರಾಧಿಕಾರ. ರತ್ನಪುರದ ಬೀದಿಯಲ್ಲಿ ಅಂಗೈಯಲ್ಲಿ ಕಲ್ಲು ಹಿಡಿದು ಬರುವವರ ಹತ್ತಿರ ಪ್ರಯೋಗಾಲಯದಲ್ಲಿ ಬೆಳೆಸಿದ ನೀಲವೂ ಇರುತ್ತದೆ. ಗಡಸುತನ, ತೂಕ ಎಲ್ಲವೂ ಅಸಲಿಯದ್ದೇ, ಹಾಗಾಗಿ ಮೇಲೆ ಹೇಳಿದ ತಕ್ಕಡಿ ಇಲ್ಲಿ ಕೈಕೊಡುತ್ತದೆ. ಬ್ಯಾಂಕಾಕ್‌ನಲ್ಲಿ ಆಟೊ ಚಾಲಕ ‘ಇವತ್ತು ಸರ್ಕಾರಿ ಸೇಲ್‌ನ ಕೊನೆಯ ದಿನ, ಊರಲ್ಲಿ ಎರಡು ಪಟ್ಟು ಬೆಲೆಗೆ ಮಾರಬಹುದು’ ಎಂದರೆ ಅದು ದಶಕಗಳಿಂದ ನಡೆದುಬಂದ ಮೋಸ, ಇಳಿದು ಹೋಗಿ. ಮೊದಲೆರಡು ವರ್ಷ ಭಾರತದೊಳಗಿನ ಕಲ್ಲೇ ಸಾಕೆಂಬುದು ನಮ್ಮ ಅಭಿಪ್ರಾಯ. ಹೊರದೇಶದ ಅನೇಕ ಕಲ್ಲುಗಳೂ ಕತ್ತರಿಸಿಕೊಳ್ಳಲು ಜೈಪುರಕ್ಕೇ ಬರುತ್ತವೆ.

ಪ್ರಶ್ನೆ: ಗಾರ್ನೆಟ್ ಮಣಿಸರ ಮಾರಿದ್ದೆ. ಎರಡು ತಿಂಗಳಲ್ಲಿ ಮೂರು ಸರ ಕಡಿದು ವಾಪಸ್ ಬಂದಿವೆ. ದಾರ ಗಟ್ಟಿಯದೇ.
– ಓದುಗಿ, ದಾವಣಗೆರೆ

ಉತ್ತರ: ದಾರದ ತಪ್ಪಲ್ಲ, ತೂತಿನದ್ದು. ಗಾರ್ನೆಟ್ ಮಣಿಯ ತೂತಿನ ಅಂಚು ಚೂಪು. ರೇಷ್ಮೆ, ನೈಲಾನ್ ದಾರವನ್ನು ಕೊಯ್ಯುತ್ತದೆ. ನೈಲಾನ್ ಲೇಪದ ಸ್ಟೀಲ್ ಬೀಡಿಂಗ್ ವೈರ್ ಬಳಸಿ, 49 ಎಳೆಯ 0.38 ಮಿ.ಮೀ. ದಪ್ಪದ್ದು. ತುದಿಗೆ 2 ಮಿ.ಮೀ. ಕ್ರಿಂಪ್ ಮಣಿ, ಅಂದರೆ ಒತ್ತಿ ವೈರನ್ನು ಬಿಗಿಯುವ ಪುಟ್ಟ ಲೋಹದ ಮಣಿ. ಅದನ್ನು ಮಾಮೂಲಿ ಇಕ್ಕಳದಲ್ಲಿ ಚಪ್ಪಟೆ ಒತ್ತಿದರೆ ಅಂಚು ವೈರನ್ನೇ ಕಡಿಯುತ್ತದೆ. ಕ್ರಿಂಪಿಂಗ್ ಇಕ್ಕಳದಲ್ಲಿ ಮೊದಲು ನಡುವೆ ತಗ್ಗು ಮಾಡಿ, ನಂತರ ಗುಂಡಾಗಿ ಮಡಚಬೇಕು. ಮಣಿಗಳನ್ನು ಬಿಗಿಯಾಗಿ ಎಳೆದು ಮುಗಿಸುವುದೂ ಒಂದು ಕಾರಣ. ಕತ್ತಿನ ಮೇಲೆ ಬಾಗಲು 2 ಮಿ.ಮೀ. ಸಡಿಲ ಬಿಡಿ.

ಕೊಳ್ಳುವ ಲೆಕ್ಕವನ್ನೂ ಹೇಳಿಬಿಡುತ್ತೇವೆ. 6 ಮಿ.ಮೀ. ಮಣಿಯ 40 ಸೆಂ.ಮೀ. ಎಳೆಯಲ್ಲಿ ಸುಮಾರು 66 ಮಣಿ. 18 ಇಂಚಿನ ಸರಕ್ಕೆ ಕೊಕ್ಕೆ ಬಿಟ್ಟು 43 ಸೆಂ.ಮೀ. ಬೇಕು, ಅಂದರೆ 71 ಮಣಿ. ಐದು ಮಣಿಗಾಗಿ ಇನ್ನೊಂದು ಎಳೆ ಬಿಚ್ಚಬೇಡಿ. ನಡುನಡುವೆ 3 ಮಿ.ಮೀ. ಬೆಳ್ಳಿ ಗುಂಡು ಹನ್ನೆರಡು ಸೇರಿಸಿದರೆ ಅಳತೆ ತುಂಬುತ್ತದೆ, ನೋಟವೂ ಚೆನ್ನ.

ಪ್ರಶ್ನೆ: ಬೆಲೆ ಕಟ್ಟುವುದು ಹೇಗೆ? ಪ್ರವಾಸದ ಖರ್ಚನ್ನು ಒಡವೆಗಳಿಗೆ ಹಂಚಬಹುದೇ?
– ಓದುಗಿ, ಶಿವಮೊಗ್ಗ

ಉತ್ತರ: ಹಂಚಬೇಡಿ. 18,000 ರೂ. ಖರ್ಚಿನ ಪ್ರವಾಸವನ್ನು 40 ಒಡವೆಗೆ ಹಂಚಿದರೆ ತಲಾ 450 ರೂ. ಏರುತ್ತದೆ. ಅದೇ ಕಲ್ಲನ್ನು ಫೋನಿನಲ್ಲಿ ತರಿಸಿ ಮಾರುವವರು ಪಕ್ಕದಲ್ಲೇ ಇರುತ್ತಾರೆ. ಪ್ರವಾಸ ನಿಮ್ಮ ಹವ್ಯಾಸ, ಅದರ ಖರ್ಚು ನಿಮ್ಮ ಸಂಬಳದ ಮೇಲಿರಲಿ.

5 ಗ್ರಾಂನ ಬೆಳ್ಳಿ ಪದಕ ತೆಗೆದುಕೊಳ್ಳೋಣ. ಬೆಳ್ಳಿ ಗ್ರಾಂಗೆ 200 ರೂ. ಎಂದು ಹಿಡಿದರೆ (ಆಯಾ ದಿನದ ದರ ಹಾಕಿಕೊಳ್ಳಿ) 1,000, ವೇಸ್ಟೇಜ್ ಶೇ 8, ಅಂದರೆ 80, ಮಜೂರಿ 400, ಕಲ್ಲು 300, ರೋಡಿಯಂ ಪಾಲಿಶ್ 60, ಡಬ್ಬಿ 70, ಕೊರಿಯರ್ 120. ಇಲ್ಲಿಗೆ 2,030. ನಿಮ್ಮ ಎರಡು ಗಂಟೆ ಕೆಲಸಕ್ಕೆ 300 ಸೇರಿಸಿ, 2,330. ಹೆಚ್ಚಿನವರು ಬಿಡುವುದು ಈ ಸಾಲನ್ನೇ. ಒಡೆದದ್ದು, ವಾಪಸ್ ಬಂದದ್ದು, ಪಾವತಿ ಶುಲ್ಕ ಇವಕ್ಕೆಲ್ಲ ಶೇ 10 ಸೇರಿಸಿದರೆ 2,563. ಇದರ ಮೇಲೆ ಶೇ 40 ಲಾಭವಿಟ್ಟರೆ ಸುಮಾರು 3,600. ಜಿಎಸ್‌ಟಿ ನೋಂದಣಿ ಇದ್ದರೆ ಒಡವೆಗೆ ಶೇ 3 ಪ್ರತ್ಯೇಕ. ಗೆಳತಿಯರಿಗೆ ‘ಬರೀ ಖರ್ಚಿಗೆ’ ಕೊಡುವ ಮೊದಲ ಹತ್ತು ಪದಕಗಳ ಬೆಲೆಯೇ ಮುಂದೆ ನಿಮ್ಮ ಮಾರುಕಟ್ಟೆ ಬೆಲೆಯಾಗಿ ಕೂರುತ್ತದೆ, ಅದಕ್ಕೆ ಮೊದಲ ದಿನವೇ ಪೂರ್ತಿ ಬೆಲೆ ಹೇಳಿ.

ನೋಂದಣಿಯ ವಿಷಯ: ಕರ್ನಾಟಕದೊಳಗೇ ನೇರವಾಗಿ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ಜಿಎಸ್‌ಟಿ ಕಡ್ಡಾಯವಲ್ಲ. ಹೊರರಾಜ್ಯದ ಗಿರಾಕಿಗೆ ಬೆಳ್ಳಿ ಪದಕ ಕಳಿಸುವುದಾದರೆ ಈ ಮಿತಿ ನಿಮ್ಮನ್ನು ಕಾಯುವುದಿಲ್ಲ, ಮೊದಲೇ ಲೆಕ್ಕಪರಿಶೋಧಕರನ್ನು ಕಾಣಿ.

ಪ್ರಶ್ನೆ: ಅಂಡಮಾನ್ ಕಡಲತೀರದಲ್ಲಿ ಆರಿಸಿದ ಹವಳದ ತುಂಡುಗಳಿವೆ. ಪದಕ ಮಾಡಿ ಮಾರಬಹುದೇ?
– ಓದುಗ, ಕಾರವಾರ

ಉತ್ತರ: ಬೇಡವೇ ಬೇಡ. ನಮ್ಮ ಕಡಲಿನ ದಿಬ್ಬ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ; ಸತ್ತ ತುಂಡನ್ನು ಎತ್ತಿಕೊಂಡು ಬರುವುದೂ ಅಪರಾಧ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಕೆಲವು ಜಾತಿಯ ಶಂಖ, ಕವಡೆಗಳಿಗೂ ಇದೇ ನಿಯಮ. ಒಡವೆ ಅಂಗಡಿಯಲ್ಲಿ ಸಿಗುವ ಕೆಂಪು ಹವಳದ ಜಾತಿ ಬೇರೆ, ಅದನ್ನೂ ಬಿಲ್ ಇಲ್ಲದೆ ಕೊಳ್ಳಬೇಡಿ.