ಆ ಗೀರನ್ನು ಉಜ್ಜಬೇಡಿ

"ವಸ್ತುಸಂಗ್ರಹಾಲಯಗಳಲ್ಲಿ ಹಳೆಯ ಯಂತ್ರಗಳನ್ನು ಕರಿ ಹಿಡಿದಂತೆಯೇ ನಿಲ್ಲಿಸುವುದೇಕೆ? ಉಜ್ಜಿ, ಬಣ್ಣ ಬಳಿದು, ಓಡಿಸಿ ತೋರಿಸಿದರೆ ಮಕ್ಕಳಿಗೆ ವಿಜ್ಞಾನ ಅರ್ಥವಾಗುವುದಿಲ್ಲವೇ?" ಎಂದು ಓದುಗರೊಬ್ಬರು ಕೇಳಿದ್ದಾರೆ.

ಉತ್ತರ: ಚಲಿಸುವ ಯಂತ್ರಕ್ಕೆ ತನ್ನದೇ ಸೆಳೆತವಿದೆ, ಒಪ್ಪುತ್ತೇನೆ. ಚಾರ್ಲ್ಸ್ ಬ್ಯಾಬೇಜ್ ನಕ್ಷೆಯಲ್ಲೇ ಬಿಟ್ಟುಹೋದ ಲೆಕ್ಕದ ಯಂತ್ರವನ್ನು ಲಂಡನ್ನಿನ ಸೈನ್ಸ್ ಮ್ಯೂಸಿಯಂ 1991ರಲ್ಲಿ ಕಟ್ಟಿ ನಡೆಸಿತು. ಆದರೆ ಅದು ಹೊಸದಾಗಿ ಕಟ್ಟಿದ್ದು. ನೀವು ಬಣ್ಣ ಬಳಿಯಲು ಹೊರಟಿರುವುದು ಹಳೆಯದಕ್ಕೆ.

1829ರ ರೈಲು ಎಂಜಿನ್ನುಗಳ ಸ್ಪರ್ಧೆ ಗೆದ್ದ ಸ್ಟೀಫನ್‌ಸನ್ನರ 'ರಾಕೆಟ್' ಉಗಿಬಂಡಿಯನ್ನೇ ನೋಡಿ. ಗೆದ್ದ ದಿನ ಅದರ ಮೈ ಹಳದಿ, ಸಿಲಿಂಡರುಗಳು ಕಡಿದಾದ ಓರೆಯಲ್ಲಿದ್ದವು. ವೇಗ ಹೆಚ್ಚಿದಾಗ ಬಂಡಿ ತೂಗಾಡುತ್ತಿತ್ತೆಂದು ಅವನ್ನು ಮುಂದೆ ಬಹುತೇಕ ಅಡ್ಡಕ್ಕೆ ಇಳಿಸಿದರು. ಇಂದು ಉಳಿದಿರುವುದು ಹೀಗೆ ತಿದ್ದಿಸಿಕೊಂಡು, ದುಡಿದು ದಣಿದ ಕಪ್ಪು ಬಂಡಿ. ಗೆದ್ದ ದಿನದ ರೂಪಕ್ಕೆ ಮರಳಿಸಿದ್ದರೆ ಆ ತಿದ್ದುಪಡಿಯ ಬುದ್ಧಿವಂತಿಕೆಯೆಲ್ಲ ಅಳಿಸಿಹೋಗುತ್ತಿತ್ತು. ಓಡುವ ರಾಕೆಟ್ ಬೇಕೆಂದವರಿಗಾಗಿ 1979ರಲ್ಲಿ ಪ್ರತಿಕೃತಿ ಕಟ್ಟಿದರು. ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣದು.

ಹಿಂದೊಮ್ಮೆ ಒಂದು ಸಂಗ್ರಹಾಲಯದಲ್ಲಿ ಹಿತ್ತಾಳೆಯ ಸೂಕ್ಷ್ಮದರ್ಶಕವನ್ನು ನೋಡಿದ್ದೆ. ತಿರುಪಿನ ಒಂದು ಬದಿ ಹೆಬ್ಬೆರಳು ತಾಗಿ ತಾಗಿ ಸವೆದಿತ್ತು. ಕೊಳವೆಯ ಮೇಲೆ ಸಣ್ಣದೊಂದು ಗೀರು: ಇಲ್ಲಿಗೆ ತಂದರೆ ಬಿಂಬ ನಿಚ್ಚಳವಾಗುತ್ತದೆ ಎಂದು ಯಾರೋ ಮಾಡಿಕೊಂಡ ಗುರುತಿರಬೇಕು. ಕೆಲವು ವರ್ಷ ಬಿಟ್ಟು ಹೋದಾಗ ಅದು ಚಿನ್ನದಂತೆ ಥಳಥಳಿಸುತ್ತಿತ್ತು. ಗೀರು ಇರಲಿಲ್ಲ. ಆ ಸಂಕಟ ಇನ್ನೂ ಆರಿಲ್ಲ.

ವಸ್ತುವಿನಷ್ಟೇ ಮುಖ್ಯ ಅದರ ಪಕ್ಕದ ಫಲಕ. ಅಮೆರಿಕದ ವಿಜ್ಞಾನಿ ಲ್ಯಾಂಗ್ಲಿಯವರ ವಿಮಾನ 1903ರಲ್ಲಿ ಎರಡು ಸಲವೂ ನದಿಗೆ ಬಿತ್ತು. 1914ರಲ್ಲಿ ಅದನ್ನು ಮಾರ್ಪಡಿಸಿ ಹಾರಿಸಿದ ಮೇಲೆ, ಮನುಷ್ಯನನ್ನು ಹೊತ್ತು ಹಾರಬಲ್ಲ ಮೊದಲ ವಿಮಾನ ಅದೇ ಎಂದು ಸ್ಮಿತ್‌ಸೋನಿಯನ್ ಎಂಬ ಸಂಗ್ರಹಾಲಯ ಸಂಸ್ಥೆ ಫಲಕ ಬರೆಸಿತು. ಲ್ಯಾಂಗ್ಲಿ ಅದೇ ಸಂಸ್ಥೆಯ ಮುಖ್ಯಸ್ಥರಾಗಿದ್ದವರು! 1903ರಲ್ಲೇ ಅಣ್ಣ ವಿಲ್ಬರ್ ಜೊತೆಗೂಡಿ ನಿಜವಾಗಿ ಹಾರಿ ತೋರಿಸಿದ್ದ ಆರ್ವಿಲ್ ರೈಟ್ ನೊಂದು, 1928ರಲ್ಲಿ ತಮ್ಮ ವಿಮಾನವನ್ನು ಲಂಡನ್ನಿಗೆ ಕಳುಹಿಸಿಬಿಟ್ಟರು. ಸಂಸ್ಥೆ ತಪ್ಪೊಪ್ಪಿಕೊಂಡದ್ದು 1942ರಲ್ಲಿ, ವಿಮಾನ ತಾಯ್ನಾಡಿಗೆ ಮರಳಿದ್ದು 1948ರ ಕೊನೆಗೆ. ಅದೇ ವರ್ಷದ ಆರಂಭದಲ್ಲಿ ಆರ್ವಿಲ್ ತೀರಿಕೊಂಡಿದ್ದರು.

'ಮೊದಲು' ಎಂಬ ಪದದ ಈ ಹುಚ್ಚು ಸಂಗ್ರಹಾಲಯಗಳಿಗಷ್ಟೇ ಅಂಟಿದ್ದಲ್ಲ. ಪತ್ರಿಕೆಗಳವರಾದ ನಾವೂ ಸಂಶೋಧನೆಯೆಂದರೆ ಒಬ್ಬ ಮಹಾಪುರುಷ, ಒಂದು ದಿನಾಂಕ ಎಂದೇ ಬರೆಯುತ್ತೇವೆ. ಯಂತ್ರ ಕೆಟ್ಟಾಗ ರಾತ್ರಿಯಿಡೀ ಕುಳಿತು ಸರಿಪಡಿಸಿದವರ ಹೆಸರೆಲ್ಲಿ? ಹೊಸ ಉಪಕರಣ ಬಂದೊಡನೆ ಪ್ರಯೋಗಾಲಯಗಳು ಹಳೆಯದನ್ನು ಗುಜರಿಗೆ ಹಾಕುತ್ತವೆ, ಜೊತೆಗೆ ಅದರ ದಿನಚರಿ ಪುಸ್ತಕವನ್ನೂ. 1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್ 2 ಗಣಕದ ರಿಲೇ ಎಂಬ ವಿದ್ಯುತ್ ಸ್ವಿಚ್ಚಿನಲ್ಲಿ ಸಿಕ್ಕಿಕೊಂಡ ಪತಂಗವನ್ನು ಕೆಲಸಗಾರರು ಅಂಥದೇ ಪುಸ್ತಕದ ಪುಟಕ್ಕೆ ಟೇಪಿನಿಂದ ಅಂಟಿಸಿ, 'ನಿಜವಾಗಿಯೂ ಹುಳು ಸಿಕ್ಕಿದ ಮೊದಲ ಪ್ರಕರಣ' ಎಂದು ಬರೆದಿಟ್ಟರು; ಯಂತ್ರದ ದೋಷವನ್ನು ಇಂಗ್ಲಿಷಿನಲ್ಲಿ ಮೊದಲಿಂದಲೂ 'ಬಗ್', ಅಂದರೆ ಹುಳು, ಎನ್ನುತ್ತಿದ್ದರು. ಆ ಪುಟ ಸಂಗ್ರಹಾಲಯದಲ್ಲಿ ಉಳಿದಿದೆ, ಪತಂಗದ ಸಮೇತ.

ಮಕ್ಕಳನ್ನು ಕರೆದುಕೊಂಡು ಇನ್ನೊಮ್ಮೆ ಹೋಗಿ. ಯಂತ್ರ ಓಡುವುದಿಲ್ಲವೆಂದು ಬೇಸರಿಸದೆ ಅದರ ಹಿಡಿಕೆ ಎಲ್ಲಿ ಸವೆದಿದೆ ಎಂದು ಹುಡುಕಲು ಹೇಳಿ. ಅವರಿಗೆ ಏನು ಕಂಡಿತೆಂದು ಬರೆಯಿರಿ, ಪ್ರಕಟಿಸುತ್ತೇನೆ.